240 ದಿನಗಳ ಲೆಕ್ಕ: ಹಾಜರಿ ಪುಸ್ತಕದಲ್ಲಿ ಕಾಣದ ದಿನಗಳು

ಎಳ್ಳಮಾವಾಸ್ಯೆ ಸಮೀಪಿಸಿತೆಂದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗದ ಕಲ್ಲು ಪಾಲಿಶಿಂಗ್ ಘಟಕಗಳಲ್ಲಿ ಕೆಲಸಗಾರರ ಸಂಖ್ಯೆ ಇಳಿಮುಖವಾಗುವುದು ಉದ್ಯಮಿಗಳಿಗೆ ಹೊಸ ಸಂಗತಿಯಲ್ಲ. ಕಾಳಗಿ, ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಂದ ಕಾರ್ಮಿಕನು ತೊಗರಿ ಕಟಾವಿಗೆ ಊರಿಗೆ ಹೋಗುತ್ತಾನೆ. ಮುಂಗಾರಿನಲ್ಲಿ ಬಿತ್ತನೆಗೆ ಮತ್ತೊಮ್ಮೆ ಹೋಗುತ್ತಾನೆ. ನಡುವೆ ಒಂದು ಮದುವೆ, ಒಂದು ಜಾತ್ರೆ. ವರ್ಷದ ಕೊನೆಗೆ ಮಾಲೀಕರು ಹಾಜರಿ ಪುಸ್ತಕ ತೆರೆದು ಕೂಡಿಸಿದಾಗ ಆತ ಯಂತ್ರದ ಮುಂದೆ ನಿಂತ ದಿನಗಳು 198 ಎಂದು ಕಂಡುಬರುತ್ತದೆ. ಕಾನೂನು ಹೇಳುವ 240 ದಿನಗಳಿಗೆ ಇನ್ನೂ 42 ದಿನ ಕಡಿಮೆಯಿದೆಯೆಂದು ಅವರು ನಿಶ್ಚಿಂತರಾಗುತ್ತಾರೆ. ಈ ನಿಶ್ಚಿಂತೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದು ಅಗತ್ಯವಾಗಿದೆ.

ಕೈಗಾರಿಕಾ ವಿವಾದ ಕಾಯ್ದೆ, 1947ರ 25-ಬಿ ಕಲಮು ‘ನಿರಂತರ ಸೇವೆ’ ಎಂಬುದಕ್ಕೆ ಅರ್ಥ ನೀಡಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ತರುವಾಯ ಆ ಕಾಯ್ದೆಯ ಸ್ಥಾನವನ್ನು ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಪಡೆದುಕೊಂಡಿದೆ. ಆದರೆ ದಿನಗಳ ಲೆಕ್ಕ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಿಂದಿನ 12 ತಿಂಗಳಲ್ಲಿ 240 ದಿನಕ್ಕೆ ಕಡಿಮೆಯಿಲ್ಲದಂತೆ ವಾಸ್ತವವಾಗಿ ದುಡಿದವನು ಒಂದು ವರ್ಷದ ನಿರಂತರ ಸೇವೆ ಸಲ್ಲಿಸಿದವನೆಂದು ಪರಿಗಣಿತನಾಗುತ್ತಾನೆ. ಭೂಗರ್ಭದ ಗಣಿಯಲ್ಲಿ ದುಡಿಯುವವನಿಗೆ ಈ ಮಿತಿ 190 ದಿನ. ಈ ಭಾಗದ ಹಾಸುಗಲ್ಲಿನ ಗಣಿಗಳು ತೆರೆದ ಗಣಿಗಳಾದುದರಿಂದ ಅಲ್ಲಿಗೆ ಅನ್ವಯಿಸುವುದು 240 ದಿನಗಳ ಮಿತಿಯೇ.

ಮೊದಲ ತಪ್ಪು ‘ವರ್ಷ’ ಎಂಬ ಪದದಲ್ಲಿಯೇ ಆಗುತ್ತದೆ. ಜನವರಿಯಿಂದ ಡಿಸೆಂಬರ್ ಎಂದಾಗಲಿ, ಏಪ್ರಿಲ್‌ನಿಂದ ಮಾರ್ಚ್ ಎಂದಾಗಲಿ ಇಲ್ಲಿ ಅರ್ಥವಲ್ಲ. ಕೆಲಸದಿಂದ ತೆಗೆದ ದಿನದಿಂದ ಹಿಂದಕ್ಕೆ 12 ತಿಂಗಳು ಎಣಿಸಬೇಕು. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗೆ ಸಂಬಂಧಿಸಿದ 1981ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಸ್ಪಷ್ಟಪಡಿಸಿದೆ. ಆ ನೌಕರನು ಸೇರಿ ಪೂರ್ಣ ಒಂದು ವರ್ಷವೂ ಆಗಿರಲಿಲ್ಲ. ಆದರೂ 240 ದಿನ ತುಂಬಿದ್ದರಿಂದ ಆತನಿಗೆ ರಕ್ಷಣೆ ದೊರೆಯಿತು. ಹಣಕಾಸು ವರ್ಷದ ಪ್ರಕಾರ ಲೆಕ್ಕವಿಟ್ಟು ಮಾರ್ಚ್ ಅಂತ್ಯಕ್ಕೆ ಹೆಸರು ತೆಗೆದು ಏಪ್ರಿಲ್‌ನಲ್ಲಿ ಹೊಸ ಹೆಸರಾಗಿ ಬರೆದುಕೊಳ್ಳುವ ಪದ್ಧತಿಯಿಂದ ಯಾವ ಲಾಭವೂ ಇಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ. ಅಷ್ಟೇ ಅಲ್ಲ, ಖಾಯಂ ಕಾರ್ಮಿಕನ ಸವಲತ್ತು ತಪ್ಪಿಸುವ ಉದ್ದೇಶದಿಂದ ವರ್ಷಾನುಗಟ್ಟಲೆ ಬದಲಿ ಅಥವಾ ತಾತ್ಕಾಲಿಕನೆಂದು ಇಟ್ಟುಕೊಳ್ಳುವುದನ್ನು ಹಳೆಯ ಕಾಯ್ದೆಯೂ ಹೊಸ ಸಂಹಿತೆಯೂ ಅನುಚಿತ ಕಾರ್ಮಿಕ ವ್ಯವಹಾರವೆಂದು ಪಟ್ಟಿಮಾಡಿವೆ.

ಎರಡನೆಯದೂ ಹೆಚ್ಚು ದುಬಾರಿಯೂ ಆದ ತಪ್ಪು ‘ವಾಸ್ತವವಾಗಿ ದುಡಿದ ದಿನ’ ಎಂಬುದರಲ್ಲಿದೆ. ಯಂತ್ರ ತಿರುಗಿದ ದಿನ ಮಾತ್ರ ದುಡಿದ ದಿನವೆಂಬುದು ಸಾಮಾನ್ಯ ತಿಳಿವಳಿಕೆ. ಅಮೆರಿಕನ್ ಎಕ್ಸ್‌ಪ್ರೆಸ್ ಬ್ಯಾಂಕಿನ ನೌಕರನೊಬ್ಬನ ವಿಷಯದಲ್ಲಿ ಇದೇ ವಾದ 1985ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಭಾನುವಾರ ಹಾಗೂ ರಜೆಗಳನ್ನು ಬಿಟ್ಟರೆ 220 ದಿನ, ಸೇರಿಸಿದರೆ 275 ದಿನ. ವೇತನ ಸಲ್ಲುವ ಭಾನುವಾರಗಳೂ ರಜಾದಿನಗಳೂ ಲೆಕ್ಕಕ್ಕೆ ಸೇರಲೇಬೇಕೆಂದು ನ್ಯಾಯಾಲಯ ಹೇಳಿತು. ಕಾರ್ಮಿಕನು ಸುತ್ತಿಗೆ ಅಥವಾ ಲೇಖನಿ ಹಿಡಿದ ದಿನಗಳಷ್ಟೇ ಅಲ್ಲ, ಉದ್ಯೋಗದಲ್ಲಿದ್ದು ಕಾನೂನಿನ ಅಥವಾ ಒಪ್ಪಂದದ ಪ್ರಕಾರ ಕೂಲಿಗೆ ಅರ್ಹನಾಗಿದ್ದ ದಿನಗಳೆಲ್ಲವೂ ಇದರಲ್ಲಿ ಅಡಕವಾಗಿವೆ ಎಂಬುದು ತೀರ್ಪಿನ ಸಾರಾಂಶ. ಈ ತೀರ್ಪು ಬರೆದ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರನ್ನು ಕರ್ನಾಟಕವು ಮುಂದೆ ಮೂರನೆಯ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರನ್ನಾಗಿ ಕಂಡಿತು.

ಈಗ ಮೇಲಿನ 198 ದಿನಗಳ ಕಾರ್ಮಿಕನ ಕಡೆಗೆ ಮರಳಬಹುದು. ಕರ್ನಾಟಕದ 1963ರ ರಾಷ್ಟ್ರೀಯ ಹಾಗೂ ಹಬ್ಬದ ರಜೆಗಳ ಕಾಯ್ದೆಯನ್ವಯ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ ಮತ್ತು ಹಬ್ಬಗಳಿಗೆ ವೇತನಸಹಿತ ರಜೆ ಕೊಡಬೇಕಾಗಿತ್ತು. ಆತನು ಊರಿನಲ್ಲಿದ್ದ ಕಾಲದ ರಜೆ ಬಿಟ್ಟು 9 ರಜೆಗಳು ಲೆಕ್ಕಕ್ಕೆ ಬಂದವೆಂದು ಇಟ್ಟುಕೊಂಡರೆ 207 ದಿನಗಳಾದುವು. ವಾರಕ್ಕೆ ಆರು ದಿನದ ಕೆಲಸವಾದರೆ ಇದು ಸುಮಾರು ಮೂವತ್ತನಾಲ್ಕೂವರೆ ವಾರ; ಅಂದರೆ 34 ವಾರದ ರಜೆಗಳು. ಆ ವಾರದ ರಜೆಗಳಿಗೆ ವೇತನ ಸಲ್ಲುವುದಾದರೆ ಒಟ್ಟು 241. ವರ್ಷದಲ್ಲಿ ನಾಲ್ಕು ತಿಂಗಳು ಊರಿನಲ್ಲಿದ್ದವನೂ ಮಿತಿಯನ್ನು ದಾಟಿದ್ದಾನೆ! ವಾರದ ರಜೆಗೆ ವೇತನವಿಲ್ಲವೆಂದೂ, ದಿನಗೂಲಿಯ ದರದಲ್ಲಿಯೇ ಅದು ಸೇರಿದೆಯೆಂದೂ ಎರಡು ಬಗೆಯ ಉತ್ತರ ಕೇಳಿಬರುತ್ತದೆ. ಎರಡನೆಯ ಉತ್ತರ ಕೊಡುವ ಮಾಲೀಕರು ತಮ್ಮ ಮಾತಿನಿಂದಲೇ ಆ 34 ದಿನಗಳನ್ನು ಒಪ್ಪಿಕೊಂಡಂತಾಗುತ್ತದೆ ಎಂಬುದನ್ನು ಬಹುಮಂದಿ ಗಮನಿಸುವುದಿಲ್ಲ.

ಇವಲ್ಲದೆ ಒಪ್ಪಂದ ಅಥವಾ ಸ್ಥಾಯೀ ಆದೇಶದ ಪ್ರಕಾರ ಲೇ-ಆಫ್ ಆದ ದಿನಗಳು, ಹಿಂದಿನ ವರ್ಷ ಗಳಿಸಿದ ಪೂರ್ಣ ವೇತನದ ರಜೆ, ಕೆಲಸದಲ್ಲಿ ಸಂಭವಿಸಿದ ಅಪಘಾತದಿಂದ ಗೈರುಹಾಜರಾದ ದಿನಗಳು, ಮಹಿಳೆಯರಿಗೆ 26 ವಾರಗಳವರೆಗಿನ ಹೆರಿಗೆ ರಜೆ ಇವೂ ಸೇರುತ್ತವೆ. ಕಲ್ಲಿನ ಚಪ್ಪಡಿ ಕಾಲಿನ ಮೇಲೆ ಬಿದ್ದು ಎರಡು ತಿಂಗಳು ಮಲಗಿದವನ ದಿನಗಳನ್ನು ಗೈರೆಂದು ಬರೆದಿಟ್ಟರೂ ಕಾನೂನು ಅವುಗಳನ್ನು ಹಾಜರಿಯೆಂದೇ ಓದುತ್ತದೆ. ತನ್ನ ಇಚ್ಛೆಯಿಂದ ಕಟಾವಿಗೆ ಹೋದ ದಿನಗಳು ಮಾತ್ರ ಸೇರುವುದಿಲ್ಲ.

ಇಂತಹ ಲೆಕ್ಕ ಈ ದೇಶಕ್ಕಷ್ಟೇ ಸೀಮಿತವಲ್ಲ. ಭಾರತ ಮತ್ತು ಆಸ್ಟ್ರೇಲಿಯಗಳ ಆರ್ಥಿಕ ಒಪ್ಪಂದದ ಫಲವಾಗಿ 18ರಿಂದ 30 ವಯಸ್ಸಿನ ಭಾರತೀಯ ಯುವಜನರಿಗೆ ವರ್ಷಕ್ಕೆ 1,000 ‘ದುಡಿಮೆ ಮತ್ತು ವಿಹಾರ’ ವೀಸಾಗಳು ಲಭ್ಯವಾಗಿದ್ದು, ಮೊದಲ ಚೀಟಿ ಎತ್ತುವಿಕೆ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಎರಡನೆಯ ವರ್ಷಕ್ಕೂ ಅಲ್ಲಿ ಉಳಿಯಬಯಸುವವನು ನಿಗದಿತ ಪ್ರದೇಶದಲ್ಲಿ, ನಿಗದಿತ ಬಗೆಯ ಕೆಲಸವನ್ನು ಮೂರು ತಿಂಗಳು, ಎಂದರೆ 88 ದಿನ ಮಾಡಿರಬೇಕು. ಆ ಉದ್ಯಮದ ಪೂರ್ಣಾವಧಿಯ ವಾರ ದುಡಿದವನಿಗೆ ಐದು ದಿನದ ಕೆಲಸ ಏಳು ದಿನವೆಂದು ಗಣನೆಗೆ ಬರುತ್ತದೆ. ಬಿಡಿಬಿಡಿಯಾಗಿ ದುಡಿದವನಿಗೆ ದುಡಿದ ದಿನವಷ್ಟೇ. ಒಂದೇ ದಿನ ಎರಡು ಪಾಳಿ ಮಾಡಿದರೂ ಅದು ಒಂದೇ ದಿನ. ಕೂಲಿಯ ಚೀಟಿ ಇಲ್ಲದವನ ದಿನ ಅಲ್ಲಿಯೂ ಸಂದೇಹಕ್ಕೆ ಒಳಗಾಗುತ್ತದೆ.

ದಾಖಲೆಯ ವಿಷಯದಲ್ಲಿ ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳು ಉಲ್ಲೇಖನೀಯ. ಅರಣ್ಯ ಇಲಾಖೆಯ ವಲಯ ಅಧಿಕಾರಿಯ ವಿರುದ್ಧದ ಪ್ರಕರಣದಲ್ಲಿ, 240 ದಿನ ದುಡಿದೆನೆಂದು ಕಾರ್ಮಿಕನು ಪ್ರಮಾಣಪತ್ರ ಸಲ್ಲಿಸಿದ ಮಾತ್ರಕ್ಕೆ ಸಾಲದು, ಅದನ್ನು ಸಿದ್ಧಪಡಿಸುವ ಹೊಣೆ ಆತನದೇ ಎಂದು 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಈ ತೀರ್ಪನ್ನು ಮಾತ್ರ ನೆನಪಿಟ್ಟುಕೊಂಡ ಕೆಲವು ಮಾಲೀಕರು ದಾಖಲೆಯೇ ಇಲ್ಲದಿದ್ದರೆ ಕ್ಷೇಮವೆಂದು ಭಾವಿಸಿದರು. ಮೂರೇ ವರ್ಷಗಳಲ್ಲಿ, 2005ರಲ್ಲಿ, ಸಹಾಯಕ ಕಾರ್ಯಪಾಲಕ ಅಭಿಯಂತರರ ಅಧೀನದ ದಿನಗೂಲಿ ನೌಕರನ ಪ್ರಕರಣದಲ್ಲಿ ಚಿತ್ರ ಬದಲಾಯಿತು. ಮಸ್ಟರ್ ರೋಲ್‌ಗಳನ್ನು ಹಾಜರುಪಡಿಸಲು ಸೂಚಿಸಿದಾಗ ಇಲಾಖೆ ಅಪೂರ್ಣವಾದುವನ್ನು ಕೊಟ್ಟಿತು. ಕಾರ್ಮಿಕನ ಬಳಿ ಅಧಿಕಾರಿಯೇ ನೀಡಿದ ಸೇವಾ ಪತ್ರವಿತ್ತು. ದಿನಗೂಲಿಯವನಿಗೆ ನೇಮಕಾತಿ ಆದೇಶವಾಗಲಿ ಕೂಲಿಯ ರಸೀದಿಯಾಗಲಿ ಸಿಗುವುದು ವಿರಳವಾದುದರಿಂದ, ಆತನು ಸಾಕ್ಷಿ ನುಡಿದು ಮಾಲೀಕರ ದಾಖಲೆಗಳನ್ನು ತರಿಸುವಂತೆ ಕೋರಬಹುದೆಂದು ನ್ಯಾಯಾಲಯ ಹೇಳಿ ಕಾರ್ಮಿಕನ ಪರವಾಗಿ ತೀರ್ಪಿತ್ತಿತು.

ಲೆಕ್ಕ ತಪ್ಪಿದರೆ ಹೊರೆ ಎಷ್ಟು? ದಿನಕ್ಕೆ 600 ರೂಪಾಯಿ ಪಡೆಯುವ, ಆರು ವರ್ಷಗಳ ಪ್ರತಿವರ್ಷವೂ ಮಿತಿ ದಾಟಿದ ಕಾರ್ಮಿಕನನ್ನು ಕೆಲಸ ಕಡಿಮೆಯಾಯಿತೆಂದು ತೆಗೆಯುವಾಗ ಒಂದು ತಿಂಗಳ ನೋಟೀಸು ಅಥವಾ ಅದರ ವೇತನ, ಜೊತೆಗೆ ವರ್ಷಕ್ಕೆ 15 ದಿನದ ಸರಾಸರಿ ವೇತನದಂತೆ 54,000 ರೂಪಾಯಿ ಪರಿಹಾರ ಕೊಡಬೇಕಾಗುತ್ತದೆ. ಲೇ-ಆಫ್ ಪರಿಹಾರದ ನಿಯಮ 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಘಟಕಗಳಿಗೆ ಅನ್ವಯಿಸದು. ಆದರೆ ಈ ನಿಯಮಕ್ಕೆ ಅಂತಹ ವಿನಾಯಿತಿಯಿಲ್ಲ. ಹತ್ತು ಅಥವಾ ಹೆಚ್ಚು ಜನರಿರುವ ಘಟಕವಾದರೆ ಉಪದಾನ ಪ್ರತ್ಯೇಕ. ಅದೂ ವರ್ಷಕ್ಕೆ 15 ದಿನದ ದರದಲ್ಲಿ ಇನ್ನೊಂದು 54,000. ಹೊಸ ಸಂಹಿತೆ ಮರುಕೌಶಲ್ಯ ನಿಧಿಗೆಂದು ಇನ್ನೂ 15 ದಿನಗಳ ವೇತನವನ್ನು ಸೇರಿಸಿದೆ. ನೋಟೀಸೂ ಪರಿಹಾರವೂ ಇಲ್ಲದೆ ತೆಗೆದರೆ ಆ ಕ್ರಮವೇ ಅಸಿಂಧುವಾಗುತ್ತದೆ. ದಿನಗೂಲಿಯವರ ವಿಷಯದಲ್ಲಿ ಮರುನೇಮಕದ ಬದಲು ಇಡಿಗಂಟು ಪರಿಹಾರ ಕೊಡಿಸುವ ಪ್ರವೃತ್ತಿಯನ್ನು ಬಿ.ಎಸ್.ಎನ್.ಎಲ್.ನ 2014ರ ಪ್ರಕರಣವೇ ಮೊದಲಾದುವುಗಳಲ್ಲಿ ಕಾಣಬಹುದಾದರೂ, ಆ ಇಡಿಗಂಟು ಸಣ್ಣ ಘಟಕಕ್ಕೆ ಸಣ್ಣದಾಗಿರುವುದಿಲ್ಲ.

ಉಪದಾನಕ್ಕೆ ಐದು ವರ್ಷಗಳ ಸೇವೆ ಬೇಕೆಂಬುದು ಸರ್ವವಿದಿತ. ನಾಲ್ಕು ವರ್ಷ ಮುಗಿಸಿ ಐದನೆಯ ವರ್ಷದಲ್ಲಿ 240 ದಿನ ದುಡಿದವನೂ ಅರ್ಹನೆಂದು ಮದ್ರಾಸ್ ಉಚ್ಚ ನ್ಯಾಯಾಲಯ ಮೆಟ್ಟೂರು ಬಿಯರ್ಡ್‌ಸೆಲ್ ಪ್ರಕರಣದಲ್ಲಿ ಹೇಳಿದೆ. ಅದು ನೆರೆರಾಜ್ಯದ ನ್ಯಾಯಾಲಯದ ಅಭಿಪ್ರಾಯವಾದರೂ ಇಲ್ಲಿಯ ವಾದಗಳಲ್ಲಿ ಉದ್ಧೃತವಾಗದೆ ಇರದು. ಅವಧಿ ನಿಗದಿಪಡಿಸಿ ನೇಮಕಗೊಂಡವನಿಗೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಐದು ವರ್ಷದ ಷರತ್ತೇ ಇಲ್ಲ. ವಾರಕ್ಕೆ ಆರು ದಿನಕ್ಕಿಂತ ಕಡಿಮೆ ನಡೆಯುವ ಘಟಕಗಳಿಗೆ ಉಪದಾನದ ಮಟ್ಟಿಗೆ 190 ದಿನವೇ ಮಿತಿ. ವಿದ್ಯುತ್ತಿನ ಅಥವಾ ಬೇಡಿಕೆಯ ಅಭಾವದಿಂದ ಐದೇ ದಿನ ನಡೆಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ವರ್ಷವಿಡೀ ನಡೆಯದ ಋತುಮಾನದ ಘಟಕಗಳಲ್ಲಿ ಘಟಕ ನಡೆದ ದಿನಗಳ ಶೇಕಡಾ 75ರಷ್ಟು ದುಡಿದರೆ ಸಾಕು. ಬೇಳೆ ಗಿರಣಿಯವರು ತಮ್ಮ ಗಿರಣಿ ನಿಜವಾಗಿಯೂ ಋತುಮಾನದ್ದೇ, ಅಥವಾ ತೊಗರಿ ಬಂದಾಗ ಕೆಲಸ ಹೆಚ್ಚುವ ಸಾಧಾರಣ ಘಟಕವೇ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು.

ಬದಲಾವಣೆ ಸ್ಪಷ್ಟವಾಗಿ ಕಾಣುವುದು ವೇತನಸಹಿತ ವಾರ್ಷಿಕ ರಜೆಯಲ್ಲಿ. ಕಾರ್ಖಾನೆಗಳ ಕಾಯ್ದೆ, 1948ರಲ್ಲಿ ಇದಕ್ಕೂ 240 ದಿನ ಬೇಕಾಗಿತ್ತು. 2025ರಿಂದ ಜಾರಿಯಲ್ಲಿರುವ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ 180 ದಿನ ಸಾಕು, ಮತ್ತು ದುಡಿದ ಪ್ರತಿ 20 ದಿನಕ್ಕೆ ಒಂದು ದಿನ ರಜೆ. ಇಲ್ಲಿಯ ಲೆಕ್ಕ ಪಂಚಾಂಗ ವರ್ಷದ್ದು. ಯಾವ ವಿವಾದವೂ ಇಲ್ಲದೆ, ಯಂತ್ರದ ಮುಂದೆ ನಿಂತ 198 ದಿನಗಳಿಂದಲೇ ಆ ಕಾರ್ಮಿಕನಿಗೆ ಸುಮಾರು 10 ದಿನಗಳ ರಜೆ ದೊರಕುತ್ತದೆ. ಕಟಾವಿಗೆ ಹೋಗುವಾಗ ಆ ರಜೆಯನ್ನೇ ಬರೆದುಕೊಟ್ಟರೆ ಆತನಿಗೆ ಕೂಲಿ ಸಿಗುತ್ತದೆ, ಮಾಲೀಕರಿಗೆ ಆತನು ಹೋದ ದಿನವೂ ಮರಳಿದ ದಿನವೂ ಬರಹದಲ್ಲಿ ದೊರೆಯುತ್ತವೆ.

ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯನ್ನು ಬರಿಯ ಅಡ್ಡಗೆರೆಯಿಂದ ತೋರಿಸುವ ರೂಢಿ ವ್ಯಾಪಕವಾಗಿದೆ. ಆ ಗೆರೆ ಕಟಾವೋ, ಅಪಘಾತವೋ, ವಿದ್ಯುತ್ ನಿಲುಗಡೆಯೋ, ವಾರದ ರಜೆಯೋ ಎಂಬುದು ಮುಂದೆ ಯಾರಿಗೂ ತಿಳಿಯದು. ಪ್ರತಿಯೊಂದಕ್ಕೂ ಬೇರೆ ಅಕ್ಷರ ಬಳಸಿ, ತಿಂಗಳ ಕೊನೆಗೆ ಕಾರ್ಮಿಕನ ಸಹಿ ಅಥವಾ ಹೆಬ್ಬೆಟ್ಟು ಪಡೆದರೆ ಗುಮಾಸ್ತನಿಗೆ ಹೆಚ್ಚುವ ಶ್ರಮ ಅರ್ಧ ಗಂಟೆಯದು. ಕೆಲಸದಿಂದ ತೆಗೆದ ದಿನದಿಂದ ಎರಡು ವರ್ಷದವರೆಗೆ ಕಾರ್ಮಿಕನು ನೇರವಾಗಿ ನ್ಯಾಯಾಧಿಕರಣದ ಮೊರೆ ಹೋಗಬಹುದಾದುದರಿಂದ, ಹಳೆಯ ಕಾಯ್ದೆಯಲ್ಲಿ ಈ ಅವಧಿ ಮೂರು ವರ್ಷವಿತ್ತು, ಆತನ ಹೆಸರಿರುವ ಪುಸ್ತಕಗಳನ್ನು ಅಲ್ಲಿಯವರೆಗಾದರೂ ರದ್ದಿಗೆ ಹಾಕಬಾರದು.