ಪ್ರಣಯಭಂಗದ ದುಃಖ ಮತ್ತು ಅದರ ಉಪಶಮನ

ಪ್ರಣಯಭಂಗದಿಂದ ಉಂಟಾಗುವ ದುಃಖವನ್ನು ಹಿರಿಯರು ಹಲವು ವೇಳೆ ಹುಡುಗಾಟಿಕೆಯೆಂದು ತಳ್ಳಿಹಾಕುವುದುಂಟು. ಕಾವ್ಯಮೀಮಾಂಸೆಯಾಗಲಿ ಆಧುನಿಕ ಮನಶ್ಶಾಸ್ತ್ರವಾಗಲಿ ಈ ಅಭಿಪ್ರಾಯವನ್ನು ಸಮರ್ಥಿಸುವುದಿಲ್ಲ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ವಿಪ್ರಲಂಭಕ್ಕೂ ಕರುಣಕ್ಕೂ ಇರುವ ಅಂತರವನ್ನು ನಿರ್ದೇಶಿಸಿದ್ದಾನೆ. ವಿಪ್ರಲಂಭವು ಸಾಪೇಕ್ಷಭಾವ, ಅಲ್ಲಿ ಪುನರ್ಮಿಲನದ ಆಸೆಯುಂಟು. ಕರುಣವು ನಿರಪೇಕ್ಷಭಾವ, ಅಲ್ಲಿ ಆ ಆಸೆ ಅಳಿದಿರುತ್ತದೆ. ಪ್ರಣಯಭಂಗಕ್ಕೆ ಒಳಗಾದವರ ಸ್ಥಿತಿ ಇವೆರಡರ ನಡುವಿನದು. ಅಗಲಿದ ವ್ಯಕ್ತಿ ಬದುಕಿರುವುದರಿಂದ ಆಸೆ ಸಾಯುವುದಿಲ್ಲ. ಸಂಬಂಧ ಮುಗಿದಿರುವುದರಿಂದ ಆ ಆಸೆಗೆ ಆಧಾರವಿಲ್ಲ. ಸಾಪೇಕ್ಷದಿಂದ ನಿರಪೇಕ್ಷಕ್ಕೆ ಮನಸ್ಸು ಸಾಗುವುದೇ ಉಪಶಮನದ ದಾರಿ.

ಈ ಸಾಗುವಿಕೆಗೆ ವಿದ್ಯಾರ್ಥಿಜೀವನದಲ್ಲಿ ಎರಡು ಅಡ್ಡಿಗಳಿವೆ. ಮಂಗಳೂರು–ಮೂಡುಬಿದಿರೆ ಹೆದ್ದಾರಿಯ ಮೇಲಿನ ತೋಡಾರನ್ನೇ ತೆಗೆದುಕೊಳ್ಳಬಹುದು. ಅಲ್ಲಿಯೂ ಸಮೀಪದ ಮಿಜಾರು, ಮೂಡುಬಿದಿರೆಗಳಲ್ಲಿಯೂ ಕಾಲೇಜುಗಳಿವೆ. ಮನೆಯಿಂದ ದೂರ ಬಂದು ಹಾಸ್ಟೆಲಿನಲ್ಲಿ ನೆಲೆಸಿದ ವಿದ್ಯಾರ್ಥಿಗಳು ಅನೇಕರು. ಇಂತಹ ಆವರಣದಲ್ಲಿ ಅಗಲಿದವರು ಅದೇ ತರಗತಿಯಲ್ಲಿ, ಅದೇ ಬಸ್ಸಿನಲ್ಲಿ ಎದುರಾಗುತ್ತಾರೆ. ಇಲ್ಲವಾದರೆ ಮೊಬೈಲಿನ ಚಿತ್ರಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಪ್ರತಿಯೊಂದು ದರ್ಶನವೂ ಆಸೆಯನ್ನು ಮತ್ತೆ ಕೆರಳಿಸುತ್ತದೆ. ಎರಡನೆಯ ಅಡ್ಡಿ ಗೋಪ್ಯತೆ. ಮರಣವಾದರೆ ತುಳುನಾಡಿನಲ್ಲಿ ಬೊಜ್ಜಕ್ಕೆ ಬಂಧುಬಳಗವೆಲ್ಲ ಸೇರುತ್ತದೆ, ದುಃಖಕ್ಕೆ ಸಾಕ್ಷಿಗಳಿರುತ್ತಾರೆ. ಮನೆಯವರಿಗೆ ತಿಳಿಯದ ಪ್ರೇಮ ಮುರಿದಾಗ ಅಳುವುದಕ್ಕೂ ನೆಲೆಯಿಲ್ಲ. ಸಮಾಜವು ಮನ್ನಿಸದ ಇಂತಹ ಶೋಕವನ್ನು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಪ್ರತ್ಯೇಕವಾಗಿ ವಿವೇಚಿಸಿದರು.

ಈ ನೋವಿಗೆ ಶಾರೀರಿಕ ಆಧಾರವೂ ಉಂಟು. ಈಥನ್ ಕ್ರಾಸ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇತ್ತೀಚೆಗೆ ಪ್ರಣಯಭಂಗವಾಗಿದ್ದ 40 ಮಂದಿಗೆ ಅಗಲಿದವರ ಭಾವಚಿತ್ರವನ್ನು ತೋರಿಸಿ, ಬೇರೊಮ್ಮೆ ತೋಳಿಗೆ ಬಿಸಿ ಮುಟ್ಟಿಸಿ, ಮಿದುಳನ್ನು ಪರೀಕ್ಷಿಸಲಾಯಿತು. ಎರಡು ಸಂದರ್ಭಗಳಲ್ಲಿಯೂ ಕೆಲವು ಭಾಗಗಳು ಸಮಾನವಾಗಿ ಚುರುಕುಗೊಂಡವು. ಆದರೆ ಎರಡೂ ವೇದನೆಗಳು ಒಂದೇ ಎಂದು ಇದರಿಂದ ಸಿದ್ಧವಾಗದು. ಅವುಗಳ ವಿನ್ಯಾಸ ಭಿನ್ನವೆಂದು 2014ರ ಅಧ್ಯಯನವೊಂದು ತೋರಿಸಿತು.

ಇನ್ನು ಉಪಾಯಗಳು. ಬಲವಂತದಿಂದ ಮರೆಯಲು ಯತ್ನಿಸುವುದು ವ್ಯರ್ಥ. ಬಿಳಿಯ ಕರಡಿಯನ್ನು ನೆನೆಯಬಾರದೆಂದು ಹೇಳಿಸಿಕೊಂಡವರಿಗೆ ಅದೇ ಮರಳಿ ಮರಳಿ ನೆನಪಾದುದನ್ನು ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದರು. ಬರೆಯುವುದು ಇದಕ್ಕಿಂತ ಮೇಲು. ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಆಳವಾದ ನೋವನ್ನು ಬರೆಯಿಸಿದರು. ಬರೆದ ಕೂಡಲೆ ಮನಸ್ಸು ಭಾರವಾಯಿತು. ಮುಂದಿನ ತಿಂಗಳುಗಳಲ್ಲಿ ಮಾತ್ರ ಅವರು ವೈದ್ಯರಲ್ಲಿಗೆ ಹೋಗುವುದು ಕಡಿಮೆಯಾಯಿತು. ಹೀಗೆ ಬರೆದುದನ್ನು ಅಗಲಿದವರಿಗೆ ಕಳುಹಿಸತಕ್ಕದ್ದಲ್ಲ. ಅವರ ನಿರ್ಧಾರವನ್ನು ಗೌರವಿಸಿ ಹಿಂಬಾಲಿಸದಿರುವುದು ಧರ್ಮವೂ ಹೌದು, ಔಷಧವೂ ಹೌದು. ಕುಳಿತುಕೊಳ್ಳುವ ಸ್ಥಳವನ್ನೂ ಬಸ್ಸಿನ ವೇಳೆಯನ್ನೂ ಬದಲಿಸಬಹುದು. ಮೊಬೈಲಿನಲ್ಲಿ ಅವರ ಸುದ್ದಿ ಬಾರದಂತೆ ಮಾಡಬಹುದು. ನಂಬಿಕೆಯ ಒಬ್ಬರೊಡನೆಯಾದರೂ ಮಾತನಾಡಬೇಕು. ಊಟ, ನಿದ್ರೆಗಳ ಕ್ರಮ ತಪ್ಪಬಾರದು.

ಅಧ್ಯಾಪಕರ ಹೊಣೆಯೂ ಇಲ್ಲಿ ಅಲ್ಪವಲ್ಲ. ವಿದ್ಯಾರ್ಥಿ ವಾರಗಟ್ಟಲೆ ತರಗತಿಗೆ ಬಾರದಿದ್ದರೆ, ಊಟ ಬಿಟ್ಟರೆ, ಬದುಕು ಸಾಕೆಂದರೆ ಉಪದೇಶ ಸಲ್ಲದು. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಬಂಧುಗಳ ಮುಂದೆ ಅಳಲಾರದ ಶೋಕಕ್ಕೆ ಒಬ್ಬ ಸಾಕ್ಷಿಯಾದರೂ ದೊರೆತರೆ, ನಿರಪೇಕ್ಷದ ಕಡೆಗೆ ಮೊದಲ ಹೆಜ್ಜೆ ಸುಲಭವಾಗುತ್ತದೆ.