ಹಳಿಗವಲಿನ ಸೋಮಾರಿತನ

ನ್ಯೂಯಾರ್ಕಿನಲ್ಲಿ ೧೯೦೦ರಲ್ಲಿ ಆರಂಭವಾದ ಲಯನಲ್ ಸಂಸ್ಥೆಯ ಆಟದ ರೈಲುಗಳು ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಅಸಂಖ್ಯ ಮನೆಗಳಲ್ಲಿ ಓಡಿದುವು. ಆ ಕಾಲದ ಹಳಿಗಳನ್ನು ಜೋಪಾನ ಮಾಡಿ ಇಂದಿಗೂ ಗಾಡಿ ಓಡಿಸುವ ಹವ್ಯಾಸಿಗಳುಂಟು. ಅವರನ್ನು ಕಾಡುವ ತೊಂದರೆಯೊಂದಿದೆ. ಗುಂಡಿಯನ್ನೊತ್ತಿದೊಡನೆ ಠಕ್ಕನೆ ಸರಿಯಬೇಕಾದ ಕವಲುಹಳಿ ಗುಂಯ್‌ಗುಟ್ಟುತ್ತ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಬಂದ ಗಾಡಿ ಹಳಿ ತಪ್ಪುತ್ತದೆ.

ಕವಲಿನ ಪೆಟ್ಟಿಗೆಯಲ್ಲಿ ತಾಮ್ರದ ತಂತಿಯ ಎರಡು ಸುರುಳಿಗಳೂ ಒಂದು ಕಬ್ಬಿಣದ ದಿಂಡೂ ಇವೆ. ವಿದ್ಯುತ್ತು ಹರಿದ ಸುರುಳಿ ದಿಂಡನ್ನು ತನ್ನತ್ತ ಸೆಳೆಯುತ್ತದೆ. ಅದರೊಡನೆ ಹಳಿಯ ನಾಲಗೆಯೂ ಸರಿಯುತ್ತದೆ. ಈ ಸೆಳೆತವು ಸ್ಥೂಲವಾಗಿ ಪ್ರವಾಹದ ವರ್ಗವನ್ನು ಅನುಸರಿಸುವುದು. ಆದುದರಿಂದ ಪ್ರವಾಹ ಅರ್ಧಕ್ಕಿಳಿದರೆ ಸೆಳೆತ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ! ಗುಂಯ್‌ ಎಂಬ ಸದ್ದಾದರೋ ಪರ್ಯಾಯ ಪ್ರವಾಹದ್ದು. ಸೆಕೆಂಡಿಗೆ ೬೦ ಆವರ್ತಗಳಿದ್ದಲ್ಲಿ ದಿಂಡಿಗೆ ೧೨೦ ಬಾರಿ ಎಳೆತ ಬೀಳುತ್ತದೆ.

ಲಯನಲ್ ಹಳಿಯಲ್ಲಿ ಮೂರು ಕಂಬಿಗಳು. ನಡುಗಂಬಿ ವಿದ್ಯುತ್ತನ್ನು ತರುತ್ತದೆ, ಹೊರಗಂಬಿಗಳು ಹಿಂದಿರುಗಿಸುತ್ತವೆ. ಗಾಡಿಯನ್ನು ನಿಧಾನವಾಗಿ ಓಡಿಸಲು ಹಳಿಯ ವೋಲ್ಟೇಜನ್ನು ತಗ್ಗಿಸುವೆವಷ್ಟೆ; ಕವಲೂ ಅದೇ ಹಳಿಯಿಂದ ಉಣ್ಣುತ್ತಿದ್ದರೆ ಅದರ ಬಲವೂ ಕುಂದುತ್ತದೆ. ವೇಗವಾಗಿ ಓಡುವಾಗ ಚುರುಕಾಗಿದ್ದ ಕವಲು ನಿಧಾನಗತಿಯಲ್ಲಿ ಮಾತ್ರ ಮುಷ್ಕರ ಹೂಡಿದರೆ ಕಾರಣ ಇದೇ ಎಂದು ತಿಳಿಯಬಹುದು. ಪ್ರಸಿದ್ಧವಾದ ೦೨೨ ಮಾದರಿಯ ಕವಲಿಗೆ ಪ್ರತ್ಯೇಕವಾದ ಸ್ಥಿರ ವೋಲ್ಟೇಜ್ ಕೊಡಲು ಪುಟ್ಟದೊಂದು ಪ್ಲಗ್ಗನ್ನು ನಿರ್ಮಾಪಕರೇ ಒದಗಿಸಿದ್ದರು. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಮದ್ದಿಗೆ ಮುನ್ನ ರೋಗಪರೀಕ್ಷೆಯಾಗಬೇಕು. ವಿದ್ಯುತ್ತನ್ನು ಕಡಿದು, ನಾಲಗೆಯನ್ನು ಬೆರಳಿನಿಂದ ಸರಿಸಿ ನೋಡೋಣ. ಬಿಗಿಯಾಗಿದ್ದರೆ ದೋಷ ಯಂತ್ರಭಾಗದ್ದು: ದಶಕಗಳ ಹಿಂದಿನ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ಒರೆಸಿ ತೆಗೆದು, ತಿರುಗುವ ಭಾಗಕ್ಕೆ ತೆಳುವಾದ ಎಣ್ಣೆ ಒಂದು ಹನಿ ಸಾಕು. ಸುರುಳಿಯೊಳಗೆ ಎಣ್ಣೆ ಬಿಡಬಾರದು. ಧೂಳು ಅಂಟಿ ಮತ್ತೆ ಅದೇ ಪಾಡು. ಸಲೀಸಾಗಿ ಸರಿದರೆ ದೋಷ ವಿದ್ಯುತ್ತಿನದು. ಗುಂಡಿಯನ್ನು ಒತ್ತಿರುವಾಗಲೇ ಕವಲಿನ ಬಳಿ ವೋಲ್ಟೇಜನ್ನು ಅಳೆಯಬೇಕು; ಪ್ರವಾಹ ಹರಿಯದಿರುವಾಗ ತೆಳುತಂತಿಯ ನಷ್ಟ ತೋರುವುದೇ ಇಲ್ಲ.

ಇನ್ನೊಂದು ಅಪಾಯವಿದೆ. ಈ ಕವಲುಗಳಲ್ಲಿ ಹೊರಗಂಬಿಯ ಒಂದು ತುಂಡನ್ನು ಅವಾಹಕದ ಮೊಳೆಯಿಂದ ಬೇರ್ಪಡಿಸಿರುತ್ತಾರೆ. ಬರುವ ಗಾಡಿಯ ಗಾಲಿಗಳು ಆ ತುಂಡನ್ನು ಎದುರಿನ ಕಂಬಿಯೊಡನೆ ಕೂಡಿಸಿದಾಗ ಕವಲು ತಾನಾಗಿಯೇ ಸರಿದು ದಾರಿ ಕೊಡುತ್ತದೆ. ಆ ಮೊಳೆ ಕಳೆದು, ಅಲ್ಲಿ ಲೋಹದ ಮೊಳೆ ಸೇರಿದರೆ ಸುರುಳಿಗೆ ಬಿಡುವೇ ಇಲ್ಲದೆ ಪ್ರವಾಹ ಹರಿದು ಅದು ಸುಟ್ಟುಹೋದೀತು. ಪೆಟ್ಟಿಗೆ ಬಿಸಿಯಾಗಿದ್ದರೆ ಮೊದಲು ಹುಡುಕಬೇಕಾದುದು ಇದನ್ನೇ.

ಅಮೆರಿಕದ ಹಳೆಯ ಟ್ರಾನ್ಸ್‌ಫಾರ್ಮರನ್ನು ತರಿಸಿಕೊಂಡವರು ಅದನ್ನು ನಮ್ಮ ೨೩೦ ವೋಲ್ಟಿನ ಗೋಡೆಗೆ ನೇರವಾಗಿ ಸಿಕ್ಕಿಸಕೂಡದು. ಅದು ಸುಮಾರು ೧೧೫ ವೋಲ್ಟಿಗಾಗಿ ಕಟ್ಟಿದ್ದು. ಹೊರತಂತಿಯ ರಬ್ಬರು ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಿಸಿಯೇ ಮುಂದಿನ ಮಾತು.