ಪ್ರಾಮಾಣಿಕತೆಯೂ ಅಖಂಡತೆಯೂ

ಶಾಲೆಯನ್ನು ಬಿಟ್ಟು ಸಂಸಾರದ ಭಾರವನ್ನೋ ಉದ್ಯೋಗದ ಹೊಣೆಯನ್ನೋ ಹೊತ್ತಿರುವ ಹಳೆಯ ವಿದ್ಯಾರ್ಥಿನಿಯರಿಗೂ, ಹೆಣ್ಣುಮಕ್ಕಳನ್ನು ಓದಲು ಕಳುಹಿಸಿರುವ ತಂದೆತಾಯಿಗಳಿಗೂ ‘ಇಂಟೆಗ್ರಿಟಿ’ ಎಂಬ ಇಂಗ್ಲಿಷ್ ಮಾತು ಅಪರಿಚಿತವಾದುದಲ್ಲ. ನಡತೆಯ ಯೋಗ್ಯತಾಪತ್ರಗಳಲ್ಲಿ ಅದನ್ನು ಆಗಾಗ ಕಾಣುತ್ತೇವೆ. ಆದರೆ ಅದರ ಅರ್ಥವೇನೆಂದು ಕೇಳಿದರೆ, ಕದಿಯದಿರುವುದು, ಲಂಚ ಮುಟ್ಟದಿರುವುದು ಎಂದಿಷ್ಟನ್ನೇ ಹೇಳಿ ಸುಮ್ಮನಾಗುವವರು ಬಹುಮಂದಿ. ಈ ಅರ್ಥವು ತಪ್ಪಲ್ಲ, ಆದರೆ ಸಾಲದು. ಆ ಗುಣದ ಪೂರ್ಣಸ್ವರೂಪವನ್ನು ನಮ್ಮ ಬೆಂಗಳೂರಿನ ಉತ್ತರಭಾಗದ ದೃಷ್ಟಾಂತಗಳಿಂದಲೇ ತಿಳಿಯಲು ಇಲ್ಲಿ ಯತ್ನಿಸುವೆವು.

ಈ ಮಾತಿನ ಮೂಲವು ಲ್ಯಾಟಿನ್ ಭಾಷೆಯ ‘ಇಂಟೆಗರ್’ ಎಂಬ ಶಬ್ದ. ಊನವಿಲ್ಲದ್ದು, ಒಡೆಯದೆ ಇಡಿಯಾಗಿ ಉಳಿದದ್ದು ಎಂದು ಅದರ ಅರ್ಥ. ಗಣಿತದ ತರಗತಿಯಲ್ಲಿ ಪೂರ್ಣಾಂಕವೆಂದು ನಾವು ಕಲಿತದ್ದಕ್ಕೆ ಇಂಗ್ಲಿಷಿನಲ್ಲಿ ಬಂದಿರುವ ಹೆಸರೂ ಇದೇ ಶಬ್ದದಿಂದ. ನಮ್ಮ ‘ಪ್ರಾಮಾಣಿಕತೆ’ಯಾದರೋ ‘ಪ್ರಮಾಣ’ದಿಂದ ಹುಟ್ಟಿದ್ದು. ಪ್ರಮಾಣವೆಂದರೆ ಅಳತೆ, ಪ್ರಮಾಣವೆಂದರೆ ಸಾಕ್ಷ್ಯ, ಪ್ರಮಾಣವೆಂದರೆ ಆಣೆಯೂ ಹೌದು. ಮನುಷ್ಯನು ಇಡಿಯಾಗಿರಬೇಕೆಂದು ಒಂದು ಶಬ್ದ ಹೇಳಿದರೆ, ಅವನ ಅಳತೆ ಸರಿಯಾಗಿರಬೇಕೆಂದು ಇನ್ನೊಂದು ಹೇಳುತ್ತದೆ. ಇವೆರಡೂ ಒಂದನ್ನೊಂದು ಬಿಟ್ಟು ನಿಲ್ಲಲಾರವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಅಳತೆಯನ್ನು ನೋಡೋಣ. ಈರುಳ್ಳಿ, ಆಲೂಗಡ್ಡೆ, ಕಾಳುಕಡ್ಡಿಗಳ ಸಗಟು ವ್ಯಾಪಾರಕ್ಕೆ ಯಶವಂತಪುರದ ಮಾರುಕಟ್ಟೆಯು ಹೆಸರಾದುದು. ದೂರದ ಜಿಲ್ಲೆಯ ರೈತನು ತನ್ನ ಮೂಟೆಯನ್ನು ತಕ್ಕಡಿಯ ಮೇಲಿಡುವಾಗ ಅವನ ಬೆಳೆಯ ದುಡಿಮೆಯೆಲ್ಲ ಆ ತೂಕದ ನಿಜವನ್ನು ಅವಲಂಬಿಸಿರುತ್ತದೆ. ಆದುದರಿಂದಲೇ ತೂಕದ ಸಾಧನಗಳನ್ನು ಗೊತ್ತಾದ ಅವಧಿಗೊಮ್ಮೆ ಪರೀಕ್ಷಿಸಿ ಮುದ್ರೆಯೊತ್ತಬೇಕೆಂಬ ಸರಕಾರದ ಕಟ್ಟಳೆಯುಂಟು. ಬಲ್ಲವನಿಗೊಂದು, ಅರಿಯದವನಿಗೊಂದು ತೂಕ ತೋರಿಸುವ ತಕ್ಕಡಿಯನ್ನು ‘ಅರ್ಧ ಸರಿ’ ಎಂದು ಯಾರೂ ಒಪ್ಪುವುದಿಲ್ಲ; ಅದು ಸರಿಯಾಗಿ ತೂಗಿದ ತೂಕವೂ ಸಂದೇಹಕ್ಕೆ ಈಡಾಗುತ್ತದೆ. ಮನುಷ್ಯನ ಮಾತೂ ಹಾಗೆಯೇ.

ಇನ್ನು ಅಖಂಡತೆ. ಇದನ್ನು ತಿಳಿಯಲು ನಮ್ಮ ಕೆರೆಗಳಿಗಿಂತ ಉತ್ತಮ ಗುರುಗಳಿಲ್ಲ. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಪಟ್ಟಣವನ್ನು ಕಟ್ಟಿಸಿದರೆಂದು ಪ್ರತೀತಿ. ಹೆಬ್ಬಾಳದ ಕೆರೆಯನ್ನೂ ಆ ಕಾಲದ್ದೆಂದೇ ಹೇಳುವರು. ತುಂಬಿ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಕಟ್ಟಿ ಮಳೆಯ ನೀರನ್ನು ಹಿಡಿದರು. ಗದ್ದೆಗೆ ನೀರು ಬಿಡಲು ತೂಬು, ಹೆಚ್ಚಿದ ನೀರು ಹೊರಕ್ಕೆ ಹೋಗಲು ಕೋಡಿ, ಇವೆಲ್ಲವನ್ನೂ ಕಾಯ್ದು ಸರದಿಯಂತೆ ನೀರು ಹಂಚಲು ನೀರುಗಂಟಿ. ಕೆರೆಯನ್ನು ಕಟ್ಟಿ ಕಾಪಾಡಿದವರಿಗೆ ‘ಕಟ್ಟುಕೊಡಗೆ’ ಎಂದು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇದ್ದಿತು. ಕಟ್ಟಿದರಷ್ಟೇ ಸಾಲದು, ಕಾಯಲೂ ಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಏತಕ್ಕೆಂದರೆ, ಏರಿಯು ಸಾಮಾನ್ಯವಾಗಿ ಒಮ್ಮೆಗೇ ಒಡೆಯುವುದಿಲ್ಲ. ಏಡಿಯೋ ಹೆಗ್ಗಣವೋ ತೋಡಿದ ಒಂದು ಬಿಲದಿಂದ ನೀರು ಮೆಲ್ಲನೆ ಜಿನುಗತೊಡಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದರೆ ಭಯ ಕಡಮೆ. ಕೆಸರಾಗಿ ಬಂದಿತೆಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆಯೆಂದು ಅರ್ಥ. ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ. ಏರಿಯ ಮೇಲೆ ಜನರು ನಡೆದಾಡುತ್ತಲೇ ಇರುತ್ತಾರೆ. ಒಡೆದ ದಿನ ಮಾತ್ರ, ಉಳಿದ ಏರಿಯೆಲ್ಲ ಗಟ್ಟಿಯಾಗಿದ್ದಿತೆಂಬ ಮಾತಿನಿಂದ ಯಾರಿಗೂ ಸಮಾಧಾನವಾಗದು. ಅದರ ಹಾನಿಯು ಒಂದೂರಿಗೇ ನಿಲ್ಲುವುದೂ ಇಲ್ಲ. ಯಲಹಂಕದ ಕೆರೆಯ ನೀರು ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ ಇಳಿಯುವಂತೆ ಕೆರೆಗಳು ಸಾಲಾಗಿ ಕೂಡಿಕೊಂಡಿವೆ. ಮೇಲಿನದರ ತಪ್ಪು ಕೆಳಗಿನದಕ್ಕೆ ತಟ್ಟುತ್ತದೆ; ತಾಯಿತಂದೆಗಳ ನಡತೆ ಮಕ್ಕಳಿಗೆ ಇಳಿಯುವಂತೆಯೇ.

ನಮ್ಮ ಮನೆಗಳಲ್ಲಿ ಈ ಬಿಲವು ಹೇಗೆ ಬೀಳುವುದೆಂಬುದನ್ನು ವಿಚಾರಿಸೋಣ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ವಯಸ್ಸು ಸರಿಹೊಂದಲೆಂದು ಜನ್ಮದಿನವನ್ನು ಬದಲಾಯಿಸಿ ಬರೆಸುವುದು ರೂಢಿಯಾಗಿದ್ದಿತು. 1969ರ ಜನನ ಮರಣ ನೋಂದಣಿ ಕಾಯಿದೆ ಬಂದು, ಜನನಪತ್ರವನ್ನು ಕೇಳುವ ಪದ್ಧತಿ ಬಲವಾದ ಮೇಲೆ ಆ ರೂಢಿ ತಗ್ಗಿದೆ. ಹಾಗೆ ಬರೆಸಿದವರು ದುಷ್ಟರಲ್ಲ. ಮಗಳ ಓದಿನ ವರುಷವೊಂದು ವ್ಯರ್ಥವಾಗಬಾರದೆಂಬ ಪ್ರೀತಿಯೇ ಅವರಿಂದ ಹಾಗೆ ಮಾಡಿಸಿತು. ಆದರೂ ಮನೆಯಲ್ಲಿ ಒಂದು ಜನ್ಮದಿನ, ದಾಖಲೆಯಲ್ಲಿ ಇನ್ನೊಂದು ಎಂಬಂತೆ ಆ ಹುಡುಗಿಯು ಜೀವಮಾನವೆಲ್ಲ ಎರಡಾಗಿ ಬಾಳಬೇಕಾಯಿತು. ಸುಳ್ಳು ಮಾಡುವ ಕೆಲಸವು ಇದೇ: ಒಬ್ಬಳನ್ನು ಇಬ್ಬರನ್ನಾಗಿ ಸೀಳುತ್ತದೆ. ಮನಸ್ಸು, ಮಾತು, ದೇಹಗಳ ನಡುವೆ ಈ ಸೀಳಿಲ್ಲದಿರುವುದನ್ನೇ ನಮ್ಮ ಹಿರಿಯರು ತ್ರಿಕರಣಶುದ್ಧಿಯೆಂದು ಕರೆದರು.

ಹಾಗಾದರೆ ಅಖಂಡತೆಯೆಂದರೆ ಎಂದೂ ತಪ್ಪದಿರುವುದೇ? ಅಲ್ಲ. ಬಿಲ ಬೀಳದ ಏರಿಯು ಎಲ್ಲಿಯೂ ಇಲ್ಲ. ಕಂಡೊಡನೆ ಅಗೆದು ಮಣ್ಣು ತುಂಬಿ ಗಟ್ಟಿಸಿದ ಏರಿಯೂ ಇಡಿಯಾದ ಏರಿಯೇ. ಮುಚ್ಚಿಟ್ಟ ತಪ್ಪು ಮಾತ್ರ ನಮ್ಮನ್ನು ಒಡೆಯುತ್ತದೆ. ಒಪ್ಪಿಕೊಂಡು ತಿದ್ದಿದ ತಪ್ಪು ನಮ್ಮನ್ನು ಮತ್ತೆ ಒಂದುಗೂಡಿಸುತ್ತದೆ.

ಇಲ್ಲಿ ಪೋಷಕರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ಗಟ್ಟಿಯಾದ ಏರಿಯನ್ನು ಕಟ್ಟಿದ ಹಿರಿಯರು ಕೋಡಿಯನ್ನು ಮರೆಯಲಿಲ್ಲ. ತುಂಬಿದ ನೀರಿಗೆ ದಾರಿಯಿಲ್ಲದಿದ್ದರೆ ಎಂತಹ ಏರಿಯೂ ನಿಲ್ಲದು. ಕಡಮೆ ಅಂಕ ಬಂದಿತೆಂದು ನಿಜ ಹೇಳಿದ ಮಗಳಿಗೆ ಬೈಗುಳು, ಅಂಕಪಟ್ಟಿಯನ್ನು ಬಚ್ಚಿಟ್ಟು ನಗುತ್ತಿರುವವಳಿಗೆ ಮೆಚ್ಚಿಕೆ ಎಂದಾದರೆ, ಆ ಮನೆಯಲ್ಲಿ ಸುಳ್ಳನ್ನು ಕಲಿಸಿದವರು ಯಾರು? ಹೆಣ್ಣುಮಗಳಿಗೆ ಮರ್ಯಾದೆಯ ಹೆಸರಿನಲ್ಲಿ ಅನೇಕ ವಿಷಯಗಳನ್ನು ನುಂಗಿಕೊಳ್ಳುವುದನ್ನೇ ಕಲಿಸುತ್ತೇವೆ. ತನಗಾದ ಭಯವನ್ನೂ ಅವಮಾನವನ್ನೂ ಹೇಳಿಕೊಳ್ಳಲು ಅವಳಿಗೆ ಸ್ಥಳವೇ ಇಲ್ಲದಂತೆ ಮಾಡಿ, ಪ್ರಾಮಾಣಿಕಳಾಗಿರೆಂದು ಉಪದೇಶಿಸುವುದು ನ್ಯಾಯವಲ್ಲ. ಕೇಳುವ ತಾಳ್ಮೆಯೇ ಮನೆಯ ಕೋಡಿ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಅಧಿಕಾರಿಣಿಯರೂ ಆಗಿದ್ದೀರಿ. ನಿಮ್ಮ ಕೆಳಗೂ ಒಂದು ಕೆರೆಯ ಸಾಲಿದೆ. ಯಾರೂ ನೋಡದ ಹೊತ್ತಿನಲ್ಲಿ ಏರಿಯ ಮೇಲೆ ನಡೆದು, ಜಿನುಗುವ ನೀರು ತಿಳಿಯೋ ಕೆಸರೋ ಎಂದು ಬಗ್ಗಿ ನೋಡುವ ನೀರುಗಂಟಿಯ ಕೆಲಸವು ಪ್ರತಿಯೊಬ್ಬರಿಗೂ ದಿನದಿನವೂ ತಪ್ಪದೆ ಇರತಕ್ಕದ್ದೇ ಸರಿ.